ಮಾತಾಡಿಸಿಕೊಂಡು ಬರೋಣ

ಯಾರಾದರೂ ತೀರಿಕೊಂಡರೆ ಏನು ಮಾಡಬೇಕೆಂದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ. ಸುದ್ದಿ ಬಂದ ಕೂಡಲೇ ಚಪ್ಪಲಿ ಮೆಟ್ಟಿ ಹೊರಡುತ್ತೇವೆ. ಮಣ್ಣಿಗೆ ಹೋಗಲಾಗದಿದ್ದರೆ ತಿಥಿಯೊಳಗೆ ಒಂದು ದಿನ ಹೋಗಿ ಮಾತಾಡಿಸಿಕೊಂಡು ಬರುತ್ತೇವೆ. ಆಸ್ಪತ್ರೆಯಲ್ಲಿದ್ದರೆ ಎಳನೀರು, ಬ್ರೆಡ್ಡು. ಕೊಟ್ಟಿಗೆಯಲ್ಲಿ ಹಸು ಸತ್ತರೂ ಜಗಲಿಗೆ ನಾಲ್ಕು ಜನ ಬಂದು ಕೂರುತ್ತಾರೆ. ಕೆಲಸ ಹೋದವನ ಮನೆಗೆ ಮಾತ್ರ ಯಾರೂ ಹೋಗುವುದಿಲ್ಲ. ಹೋದರೆ ಕೈಯಲ್ಲೇನು ಹಿಡಿದು ಹೋಗಬೇಕು, ಬಾಗಿಲು ತೆಗೆದ ಹೆಂಡತಿಗೆ ಏನು ಹೇಳಬೇಕು, ಎಷ್ಟು ಹೊತ್ತು ಕೂರಬೇಕು, ಯಾವುದಕ್ಕೂ ಪದ್ಧತಿಯಿಲ್ಲ. ಅದರಲ್ಲೂ ಅವನ ಜೊತೆಯಲ್ಲೇ ದುಡಿದು, ನಮ್ಮದು ಉಳಿದು ಅವನದ್ದು ಹೋಗಿದ್ದರೆ ಕೇಳುವುದೇ ಬೇಡ. ಕಡೂರು ಬಸ್‌ಸ್ಟ್ಯಾಂಡಿನಲ್ಲಿ ಅವನು ಎದುರಿಗೆ ಬರುವುದು ಕಂಡರೆ ಫೋನ್ ಕಿವಿಗಿಟ್ಟುಕೊಂಡು, ಬಾರದ ಕರೆಗೆ "ಹಲೋ" ಅನ್ನುತ್ತೇವೆ.

ಈ ವಾರ ಉಳಿದುಕೊಂಡವರ ಬಗ್ಗೆ ಬರೆಯೋಣವೆಂದು ಕೂತಿದ್ದೇನೆ. "ನಿಂದು ಉಳೀತಲ್ಲ ಮಾರಾಯ, ನಿನಗೇನು?" ಅನ್ನಿಸಿಕೊಳ್ಳುವವರ ಬಗ್ಗೆ.

ಬೀರೂರಿನಲ್ಲಿ ರೈಲುಹಳಿ ಕವಲೊಡೆಯುತ್ತದೆ. ಒಂದು ಕವಲು ತರೀಕೆರೆ, ಭದ್ರಾವತಿ ದಾಟಿ ಶಿವಮೊಗ್ಗಕ್ಕೆ ಹೋದರೆ, ಇನ್ನೊಂದು ಅಜ್ಜಂಪುರ, ಶಿವನಿ ಮೇಲೆ ಹಾದು ಹುಬ್ಬಳ್ಳಿಯ ದಾರಿ ಹಿಡಿಯುತ್ತದೆ. ಎರಡೂ ಕವಲಿನ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಕಡೂರಿನ ತೆಂಗು, ತರೀಕೆರೆಯ ಅಡಿಕೆ, ಅಜ್ಜಂಪುರದ ಈರುಳ್ಳಿ ಓದಿಸಿದ ಮಕ್ಕಳು. ಒಬ್ಬ ಒಂದು ಕಂಪನಿ ಸೇರಿದರೆ ಅವನ ಹಿಂದೆ ಅದೇ ಊರಿನ ಇನ್ನಿಬ್ಬರು ಸೇರುತ್ತಾರೆ. ಪಿಜಿಯಲ್ಲಿ ಒಂದೇ ರೂಮು, ಹಬ್ಬಕ್ಕೆ ಬರುವಾಗ ಒಂದೇ ಬೋಗಿ. ಈ ಜೊತೆಗಾರಿಕೆ ಚೆನ್ನ. ಆದರೆ ಕಂಪನಿಯವರು ಪಟ್ಟಿ ಮಾಡುವಾಗ ಬೋಗಿ ನೋಡಿ ಮಾಡುವುದಿಲ್ಲ. ಟಿಸಿಎಸ್ ತನ್ನ ನೌಕರರಲ್ಲಿ ಶೇ 2ರಷ್ಟು, ಅಂದರೆ ಸುಮಾರು 12,000 ಮಂದಿಯನ್ನು ಕಡಿಮೆ ಮಾಡುವುದಾಗಿ 2025ರ ಜುಲೈನಲ್ಲಿ ಹೇಳಿತು. ಅದೇ ವರ್ಷದ ಫೆಬ್ರುವರಿಯಲ್ಲಿ ಇನ್ಫೋಸಿಸ್‌ನ ಮೈಸೂರು ಕ್ಯಾಂಪಸ್ಸಿನಿಂದ ಮುನ್ನೂರಕ್ಕೂ ಹೆಚ್ಚು ತರಬೇತಿ ನೌಕರರು ಆಂತರಿಕ ಪರೀಕ್ಷೆ ಪಾಸಾಗಲಿಲ್ಲವೆಂದು ಹೊರಬಿದ್ದರು. ಇಂಥ ಸುದ್ದಿ ಓದುವಾಗ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ನಮ್ಮೂರ ಮಟ್ಟಿಗೆ ಅದು ಒಂದು ರೂಮಿನ ಮೂವರಲ್ಲಿ ಒಬ್ಬ.

ಉಳಿದಿಬ್ಬರ ಪಾಡು ಕೇಳಿ. ಮೊದಲ ಕೆಲಸವೇ ಗುಟ್ಟು ಕಾಯುವುದು. ಹೋದವನು ಊರಿಗೆ ಹೇಳಿಲ್ಲ. ದಿನಾ ಬೆಳಿಗ್ಗೆ ಎದ್ದು ಬ್ಯಾಗ್ ಹಾಕಿಕೊಂಡು ಹೊರಡುತ್ತಾನೆ, ಎಲ್ಲೋ ಕೂತು ಅರ್ಜಿ ಕಳಿಸುತ್ತಾನೆ, ರಾತ್ರಿ ಅಮ್ಮನಿಗೆ ಫೋನ್ ಮಾಡಿ "ಊಟ ಆಯ್ತು, ಆಫೀಸಲ್ಲೇ" ಅನ್ನುತ್ತಾನೆ. ಪಕ್ಕದ ಮಂಚದ ಮೇಲೆ ಮಲಗಿದವನು ಅದನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳದಂತೆ ಗೋಡೆಗೆ ಮುಖ ಮಾಡುತ್ತಾನೆ. ಇದೇ ಹುಡುಗ ಜಾತ್ರೆಗೆ ಊರಿಗೆ ಬಂದಾಗ ತೇರಿನ ಹತ್ತಿರ ಆ ತಾಯಿ ಸಿಗುತ್ತಾರೆ. "ನಮ್ ಹುಡ್ಗ ನಿನ್ ಜೊತೇನೇ ಅಲ್ವೇನಪ್ಪಾ? ರಜಾ ಸಿಗ್ಲಿಲ್ಲ ಅಂದ. ಹೆಣ್ಣಿನ ಕಡೆಯೋರು ಬಂದು ಹೋದ್ರು, ಕಂಪನಿ ಹೆಸರು ಬರ್ಕೊಂಡು ಹೋಗವ್ರೆ."

ಈಗ ಏನು ಹೇಳಬೇಕು? ಹೂಂ ಅಂದರೆ ಸುಳ್ಳು, ಅದೂ ಮದುವೆ ಮಾತಿನ ನಡುವೆ. ಇಲ್ಲ ಅಂದರೆ ಗೆಳೆಯನ ಸುದ್ದಿಯನ್ನು ಅವನಿಗಿಂತ ಮೊದಲು ಅವನ ಮನೆಗೆ ಮುಟ್ಟಿಸಿದ ಪಾಪ. ನನ್ನನ್ನು ಕೇಳಿದರೆ ಆ ಸುದ್ದಿ ಹೇಳುವ ಹಕ್ಕು ಅವನೊಬ್ಬನದೇ. ತಾಯಿಗೆ "ಅವನ ಹತ್ರ ಇವತ್ತೇ ಮಾತಾಡ್ತೀನಿ, ಫೋನ್ ಮಾಡಕ್ಕೆ ಹೇಳ್ತೀನಿ ಅಮ್ಮ" ಅಂದು ಕಾಲಿಗೆ ಬುದ್ಧಿ ಹೇಳುವುದು ಸುಳ್ಳಾಗುವುದಿಲ್ಲ. ಆದರೆ ಅಂದ ಮೇಲೆ ಆ ರಾತ್ರಿಯೇ ಅವನಿಗೆ ಫೋನ್ ಮಾಡಲೇಬೇಕು. "ನಿಮ್ಮಮ್ಮ ಕೇಳಿದ್ರು ಕಣೋ. ಇನ್ನೊಬ್ಬರು ಕೇಳೋದ್ರೊಳಗೆ ನೀನೇ ಹೇಳ್ಬಿಡು. ಬೇಕಿದ್ರೆ ನಾನೂ ಬಂದು ಪಕ್ಕದಲ್ಲಿ ಕೂರ್ತೀನಿ." ಗುಟ್ಟು ಹೊತ್ತವನಿಗೂ ಅದನ್ನು ಇಳಿಸುವ ಜಾಗ ಬೇಕಲ್ಲ.

ಇದು ಬೆಂಗಳೂರಿನ ರೋಗ ಎಂದು ಯಾರಾದರೂ ಮೂಗು ಮುರಿದರೆ ನಮ್ಮ ಸರ್ಕಾರಿ ಕಾಲೇಜುಗಳ ಸ್ಟಾಫ್ ರೂಮಿಗೆ ಕರೆದುಕೊಂಡು ಹೋಗುತ್ತೇನೆ. 2022ರ ಜನವರಿಯಲ್ಲಿ ರಾಜ್ಯ ಸರ್ಕಾರ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಗೌರವಧನ ಏರಿಸಿತು. ತಿಂಗಳಿಗೆ 11,000ದಿಂದ 13,000 ರೂಪಾಯಿ ಪಡೆಯುತ್ತಿದ್ದವರಿಗೆ ಅರ್ಹತೆ, ಅನುಭವ ನೋಡಿ 32,000ದವರೆಗೆ. ಬಹಳ ವರ್ಷದ ಬೇಡಿಕೆ, ಸಂತೋಷದ ಸುದ್ದಿ. ಅದರ ಜೊತೆಗೇ ಇನ್ನೊಂದು ಸಾಲು ಇತ್ತು: ವಾರಕ್ಕೆ ಎಂಟು ಹತ್ತು ಗಂಟೆ ಪಾಠ ಮಾಡುತ್ತಿದ್ದವರು ಇನ್ನು ಮೇಲೆ ಹದಿನೈದು ಗಂಟೆ ಮಾಡಬೇಕು. ಕಾಲೇಜಿನಲ್ಲಿ ಗಂಟೆಗಳು ಹೆಚ್ಚಲಿಲ್ಲ, ತಲೆಗಳು ಕಡಿಮೆಯಾದವು. ಒಬ್ಬರ ಸಂಬಳ ಏರಿದ್ದು ಪಕ್ಕದ ಕುರ್ಚಿಯವರ ಗಂಟೆ ಸೇರಿಸಿಕೊಂಡು. ರಾಜ್ಯದಲ್ಲಿ ಸಾವಿರಾರು ಮಂದಿ ಹಾಗೆ ಪಟ್ಟಿಯಿಂದ ಹೊರಗುಳಿದರು.

ಇಂಥ ಕಡೆ ಉಳಿದವರ ಮನಸ್ಸಿನಲ್ಲಿ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ಒಂದೇ ಡಬ್ಬಿಯ ಚಿತ್ರಾನ್ನ ಹಂಚಿಕೊಂಡು ತಿಂದವರು. ಈಗ ಹೆಚ್ಚಿಗೆ ಬಂದ ದುಡ್ಡಿನಲ್ಲಿ ಮಗಳಿಗೆ ಬಟ್ಟೆ ಕೊಂಡರೂ ಬಿಲ್ಲು ಕೊಡುವಾಗ ಆ ಮುಖ ನೆನಪಾಗುತ್ತದೆ. ಉಳಿದವರು ತಪ್ಪು ಮಾಡಿಲ್ಲ. ಆದೇಶ ಬರೆದದ್ದು ವಿಧಾನಸೌಧದಲ್ಲಿ. ಆದರೂ ಲಜ್ಜೆ ಪಡುವವರು ಸ್ಟಾಫ್ ರೂಮಿನಲ್ಲಿ ಕೂತವರು! ಮೇಲಿನವರು ಮಾಡಿದ ಲೆಕ್ಕಕ್ಕೆ ಕೆಳಗಿನವರು ನಾಚಿಕೊಳ್ಳುವ ಈ ಏರ್ಪಾಡನ್ನು ನಾನಂತೂ ಒಪ್ಪುವುದಿಲ್ಲ.

ಲಜ್ಜೆ ಬಹಳ ದಿನ ಲಜ್ಜೆಯಾಗಿಯೇ ಇರುವುದೂ ಇಲ್ಲ. ಸ್ವಲ್ಪ ದಿನಕ್ಕೆ ಅದು ಕಾರಣ ಹುಡುಕಲು ಶುರುಮಾಡುತ್ತದೆ. "ಅವನೂ ಸ್ವಲ್ಪ ಉಡಾಫೆ ಮನುಷ್ಯ." "ಲೇಟಾಗಿ ಬರ್ತಿದ್ದ." "ಸಾಹೇಬ್ರಿಗೆ ಎದುರು ಮಾತಾಡ್ತಿದ್ದ." ಹೋದ ತಿಂಗಳವರೆಗೆ ಯಾರಿಗೂ ಕಾಣದಿದ್ದ ದೋಷಗಳೆಲ್ಲ ಟೀ ಅಂಗಡಿಯ ಮುಂದೆ ಒಂದೊಂದಾಗಿ ಹೊರಬರುತ್ತವೆ. ಇದನ್ನು ದುಷ್ಟತನ ಎಂದು ತಳ್ಳಿಹಾಕುವುದು ಸುಲಭ. ನನಗೆ ಕಾಣುವುದು ಹೆದರಿಕೆ. ಅವನು ತನ್ನ ತಪ್ಪಿನಿಂದ ಹೋದ ಎಂದಾದರೆ, ತಪ್ಪು ಮಾಡದ ನಾನು ಉಳಿಯುತ್ತೇನೆ ಎಂಬ ಧೈರ್ಯ ಸಿಗುತ್ತದಲ್ಲ, ಅದಕ್ಕೆ. ಅಮೆರಿಕದ ಜೋಯೆಲ್ ಬ್ರಾಕ್ನರ್ ಎಂಬ ಸಂಶೋಧಕ 1980ರ ದಶಕದಿಂದ ಈ ಉಳಿದುಕೊಂಡವರನ್ನೇ ಅಧ್ಯಯನ ಮಾಡಿದವರು. ಹೋದವರನ್ನು ಹೇಗೆ ನಡೆಸಿಕೊಂಡರು ಎಂಬುದನ್ನು ಉಳಿದವರು ಕಣ್ಣಿಟ್ಟು ನೋಡುತ್ತಾರೆ, ಅನ್ಯಾಯವಾಗಿದೆ ಅನ್ನಿಸಿದರೆ, ಅದರಲ್ಲೂ ಹೋದವರು ಹತ್ತಿರದವರಾಗಿದ್ದರೆ, ಅವರಿಗೆ ಸಂಸ್ಥೆಯ ಮೇಲೆ ಮನಸ್ಸೇ ಇರುವುದಿಲ್ಲ ಎನ್ನುವುದು ಅವರ ಕೆಲಸದ ಒಂದು ತಿರುಳು. ನಮ್ಮ ಕಡೆಯ ಯಾವ ಮಿಲ್ಲಿನ ಮೇಸ್ತ್ರಿಯನ್ನು ಕೇಳಿದ್ದರೂ ಹೇಳುತ್ತಿದ್ದ ಅನ್ನಿ. ಆದರೆ ನಮ್ಮ ಮೇಸ್ತ್ರಿಯನ್ನು ಮ್ಯಾನೇಜ್‌ಮೆಂಟಿನವರು ಕೇಳುವುದಿಲ್ಲ.

ಮಿಲ್ಲು ಅಂದ ಮೇಲೆ ಭದ್ರಾವತಿಗೆ ಹೋಗಲೇಬೇಕು. ತರೀಕೆರೆಯವರಿಗೆ ಭದ್ರಾವತಿ ಬೇರೆ ಜಿಲ್ಲೆಯೆಂದು ಅನ್ನಿಸುವುದೇ ಇಲ್ಲ, ಬಸ್ಸಿನಲ್ಲಿ ಕೂತು ಒಂದು ನಿದ್ದೆ ಮಾಡುವಷ್ಟೂ ದೂರವಿಲ್ಲ. ವಿಶ್ವೇಶ್ವರಯ್ಯನವರು ಕಂಡ ಕನಸಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿದಾಗ ಅದಕ್ಕೆ ಅದಿರು ಕೊಟ್ಟದ್ದು ನಮ್ಮ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿ. ಗುಡ್ಡದಿಂದ ತಣಿಗೆಬೈಲಿಗೆ ರೋಪ್‌ವೇ ಮೇಲೆ ತೂಗಾಡುತ್ತ ಬರುತ್ತಿದ್ದ ಅದಿರಿನ ತೊಟ್ಟಿಗಳನ್ನು ಕಂಡವರು ಈಗಲೂ ಊರಲ್ಲಿದ್ದಾರೆ. 1998ರಲ್ಲಿ ಕಾರ್ಖಾನೆ ಕೇಂದ್ರ ಸರ್ಕಾರದ ಉಕ್ಕು ಕಂಪನಿ ಸೈಲ್ ಜೊತೆ ವಿಲೀನವಾಯಿತು. 2000ರ ದಶಕದಲ್ಲಿ ಕೆಮ್ಮಣ್ಣುಗುಂಡಿಯ ಗಣಿ ನಿಂತಿತು. ಸ್ವಂತ ಅದಿರಿಲ್ಲದ ಉಕ್ಕಿನ ಕಾರ್ಖಾನೆ ಎಷ್ಟು ದಿನ ನಡೆದೀತು? ಪಕ್ಕದಲ್ಲೇ ಇದ್ದ ಮೈಸೂರು ಕಾಗದ ಕಾರ್ಖಾನೆ, 1936ರದ್ದು, 2015ರ ಹೊತ್ತಿಗೆ ಯಂತ್ರ ನಿಲ್ಲಿಸಿತು. ಅದನ್ನೇ ನಂಬಿದ್ದ ಕಬ್ಬಿನ ಬೆಳೆಗಾರರ ಕಥೆ ಬೇರೆಯೇ ಒಂದು ಅಂಕಣ. 2023ರ ಜನವರಿಯಲ್ಲಿ, ಸರಿಯಾಗಿ ನೂರು ತುಂಬುವ ಹೊತ್ತಿಗೆ, ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿತ್ತು.

ಆಗ ಗೇಟಿನ ಮುಂದೆ ಶಾಮಿಯಾನ ಹಾಕಿ ಕೂತವರು ಗುತ್ತಿಗೆ ಕಾರ್ಮಿಕರು, ಸಾವಿರದ ಮುನ್ನೂರಕ್ಕೂ ಹೆಚ್ಚು ಮಂದಿ. ನೂರಾರು ದಿನ ಕೂತರು. ಒಂದೇ ಕುಲುಮೆಯ ಬಿಸಿ ತಿಂದವರಲ್ಲಿ ಕಾಯಂ ನೌಕರನಿಗೆ ಸೈಲ್‌ನ ಇನ್ನೊಂದು ಊರಿನ ಕಾರ್ಖಾನೆಗೆ ವರ್ಗವಾಗುವ ದಾರಿಯಾದರೂ ಇತ್ತು, ಗುತ್ತಿಗೆಯವನಿಗೆ ಇದ್ದದ್ದು ಶಾಮಿಯಾನ. ಒಳಗೆ ಹೋಗುವವನು ದಿನವೂ ಆ ಶಾಮಿಯಾನದ ಮುಂದೆಯೇ ಹಾದುಹೋಗಬೇಕು. ಯೋಚನೆ ಮಾಡಿ, ಅದು ಎಂಥ ನಡಿಗೆ! ಕೆಲವರು ತಲೆ ತಗ್ಗಿಸಿ ಹೋಗುತ್ತಾರೆ, ಕೆಲವರು ಬೈಕಿನ ವೇಗ ಹೆಚ್ಚಿಸುತ್ತಾರೆ. ಮತ್ತೆ ಕೆಲವರು ಬೈಕ್ ನಿಲ್ಲಿಸಿ ಚಾಪೆಯ ಮೇಲೆ ಹತ್ತು ನಿಮಿಷ ಕೂತು, ಒಂದು ಟೀ ಕುಡಿದು ಒಳಗೆ ಹೋಗುತ್ತಾರೆ. ಆ ಹತ್ತು ನಿಮಿಷದಿಂದ ಕಾರ್ಖಾನೆ ಉಳಿಯುವುದಿಲ್ಲ. ಆದರೆ ಚಾಪೆಯ ಮೇಲಿದ್ದವನಿಗೂ, ಎದ್ದು ಪಾಳಿಗೆ ಹೋದವನಿಗೂ ಆ ದಿನ ಉಸಿರಾಟ ಸ್ವಲ್ಪ ಸಲೀಸು. ಅದೇ ವರ್ಷ ಆಗಸ್ಟ್‌ನಲ್ಲಿ ಒಂದು ವಿಭಾಗದಲ್ಲಿ ಕೆಲಸ ಮತ್ತೆ ಶುರುವಾಯಿತು. 2024ರ ಜೂನ್‌ನಲ್ಲಿ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿ ಬಂದು ನೋಡಿ ಭರವಸೆಯನ್ನೂ ಕೊಟ್ಟು ಹೋದರು. ಭರವಸೆಯ ಲೆಕ್ಕ ಇನ್ನೊಂದು ವಾರಕ್ಕಿರಲಿ.

ಹತ್ತು ನಿಮಿಷದ ಕೂರುವಿಕೆಗೆ ನಾನು ಇಷ್ಟು ಬೆಲೆ ಕೊಡುವುದಕ್ಕೆ ಕಾರಣವಿದೆ. ಆಸ್ಟ್ರಿಯಾ ದೇಶದ ವಿಯೆನ್ನಾ ಹತ್ತಿರ ಮಾರಿಯೆನ್‌ಟಾಲ್ ಎಂಬ ಹಳ್ಳಿ. ಊರಿಗೆಲ್ಲ ಒಂದೇ ಬಟ್ಟೆ ಗಿರಣಿ, ಅದು 1930ರ ಹೊತ್ತಿಗೆ ಮುಚ್ಚಿಹೋಯಿತು. ಮಾರಿ ಯಹೋಡಾ ಮತ್ತು ಅವರ ಸಂಗಡಿಗರು ಅಲ್ಲಿ ಹೋಗಿ ಇದ್ದು, ಕಂಡದ್ದನ್ನು 1933ರಲ್ಲಿ ಪುಸ್ತಕ ಮಾಡಿದರು. ಅವರು ಗಡಿಯಾರ ಹಿಡಿದು ಬೀದಿಯಲ್ಲಿ ಜನ ನಡೆಯುವುದನ್ನು ನೋಡಿದರು. ಕೆಲಸ ಹೋದ ಗಂಡಸರ ನಡಿಗೆ ನಿಧಾನವಾಗಿತ್ತು, ನಡುನಡುವೆ ಸುಮ್ಮನೆ ನಿಂತುಬಿಡುತ್ತಿದ್ದರು. ಮನೆಗೆಲಸ ತಪ್ಪದ ಹೆಂಗಸರು ಮಾತ್ರ ಸರಸರ ನಡೆಯುತ್ತಿದ್ದರು. ಬೇಕಾದಷ್ಟು ಸಮಯವಿದ್ದರೂ ಊರಿನ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಎರಡೇ ವರ್ಷದಲ್ಲಿ ಸುಮಾರು ಅರ್ಧಕ್ಕೆ ಇಳಿದಿತ್ತು, ಶುಲ್ಕ ತೆಗೆದುಹಾಕಿದ ಮೇಲೂ. ಕೂಲಿಯ ಜೊತೆಗೆ ದಿನದ ಗಂಟೆಗಳೂ, ಕೂಡುವ ಜಾಗಗಳೂ, "ಯಾಕೋ ನಿನ್ನೆ ಬರಲಿಲ್ಲ" ಎಂದು ಕೇಳುವವರೂ ಹೋಗಿದ್ದರು.

ಕೂಲಿಯನ್ನು ನಾವು ವಾಪಸ್ ಕೊಡಿಸಲಾರೆವು. ಉಳಿದ ಮೂರನ್ನು ಕಿತ್ತುಕೊಳ್ಳುವುದರಲ್ಲಿ ಮಾತ್ರ ಕಂಪನಿಗಿಂತ ನಮ್ಮ ಕೈ ಜೋರು. ವಾಟ್ಸ್‌ಆ್ಯಪ್ ಗುಂಪಿನಿಂದ ಕೆಲಸ ಹೋದವನನ್ನು ತೆಗೆಯುವವರು ನಾವು, ಅಥವಾ ಅವನಿರುವ ಗುಂಪನ್ನು ಹಾಗೇ ಬಿಟ್ಟು ಅವನಿಲ್ಲದ ಹೊಸ ಗುಂಪು ಕಟ್ಟುವವರು. ಧರ್ಮಸ್ಥಳ ಟ್ರಿಪ್ಪಿಗೆ "ಪಾಪ, ದುಡ್ಡಿಗೆ ಕಷ್ಟ" ಎಂದು ಕರೆಯದೇ ಇರುವವರು. ಚೀಟಿಯ ಮುಂದಿನ ಸುತ್ತಿಗೆ ಅವನ ಹೆಸರು ಬರೆದುಕೊಳ್ಳಲು ಹಿಂದೆಮುಂದೆ ನೋಡುವವರು. ಎಲ್ಲವೂ ಅವನ ಮೇಲಿನ ಕನಿಕರದ ಹೆಸರಿನಲ್ಲಿ!

ಇನ್ನು ಅಪರೂಪಕ್ಕೆ ಅವನ ಮನೆಗೆ ಹೋಗುವವರಾದರೂ ಏನು ಮಾಡುತ್ತಾರೆ? ಸಲಹೆ. ಕುರಿ ಸಾಕು, ಎಳನೀರು ವ್ಯಾಪಾರ ಮಾಡು, ಪಿಡಿಒ ಪರೀಕ್ಷೆ ಕಟ್ಟು. "ಜಮೀನಿದೆಯಲ್ಲ, ಬಂದು ತೋಟ ನೋಡ್ಕೋ" ಎನ್ನುವುದಂತೂ ನಮ್ಮ ಕಡೆಯ ಸಾರ್ವಕಾಲಿಕ ಸಮಾಧಾನ. ಕಡೂರು ಸೀಮೆಯ ತೆಂಗಿನ ತೋಟಗಳು ಬರಗಾಲದಲ್ಲಿ ಸುಳಿ ಒಣಗಿ ನಿಂತದ್ದನ್ನು ಕಂಡವರೇ ಹೀಗೆ ಹೇಳಿದರೆ ಏನೆನ್ನೋಣ. ಆ ತೋಟ ಸಾಕಿದ್ದರೆ ಹುಡುಗ ರೈಲು ಹತ್ತುತ್ತಲೇ ಇರಲಿಲ್ಲ. ಇನ್ನು "ಆಗೋದೆಲ್ಲ ಒಳ್ಳೇದಕ್ಕೇ" ಎನ್ನುವವರು ಹೋಗದಿದ್ದರೇ ಚೆನ್ನ.

ಹೋದರೆ ಕೇಳಲು ಕೆಲಸದ ಮಾತುಗಳು ಬೇಕಾದಷ್ಟಿವೆ. ಅನುಭವ ಪತ್ರ ಕೊಟ್ಟರಾ? ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿ ಲೆಕ್ಕ ಹಾಕಿದ್ದಾರಾ? ಪಿಎಫ್ ಖಾತೆಯಲ್ಲಿ ಹೆಸರು, ಹುಟ್ಟಿದ ತಾರೀಖು ಸರಿಯಿದೆಯಾ? ಇಎಸ್‌ಐ ಇದ್ದವರಾದರೆ ಕೆಲಸ ಹೋದವರಿಗೆ ಸ್ವಲ್ಪ ಕಾಲ ಸಂಬಳದ ಒಂದು ಪಾಲು ಕೊಡುವ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ ಇದೆ, ಅದನ್ನು ಕಾಲಕಾಲಕ್ಕೆ ವಿಸ್ತರಿಸುತ್ತಾ ಬಂದಿದ್ದಾರೆ. ಈಗ ಚಾಲ್ತಿಯಲ್ಲಿದೆಯೇ ಎಂದು ಕಚೇರಿಯಲ್ಲಿ ವಿಚಾರಿಸುವ ಓಡಾಟವನ್ನು ಕೆಲಸವಿರುವವನು ಮಾಡಬಹುದು. ಕೆಲಸ ಹೋದವನಿಗೆ ಆ ಕಚೇರಿಗಳ ಮೆಟ್ಟಿಲು ಹತ್ತುವುದೇ ಒಂದು ಅವಮಾನ. ಜೊತೆಗೊಬ್ಬ ಇದ್ದರೆ ಅದು ಅರ್ಧವಾಗುತ್ತದೆ. ಉಳಿದವನ ಮನಸ್ಸಿಗೂ ಇದೇ ಮದ್ದು. ಲಜ್ಜೆ ಕೂತಲ್ಲೇ ಕೂತರೆ ಕೊಳೆಯುತ್ತದೆ, ಕೈಗೊಂದು ಕೆಲಸ ಕೊಟ್ಟರೆ ಓಡಾಡಿಕೊಂಡಿರುತ್ತದೆ.

ಅಷ್ಟರಿಂದಲೂ ಆಗದವರಿರುತ್ತಾರೆ. ನಿದ್ದೆ ಬಾರದೆ, ಮುಂದಿನ ಪಟ್ಟಿಯಲ್ಲಿ ನಾನೇ ಇದ್ದೇನೆಂದು ರಾತ್ರಿಯೆಲ್ಲ ಫೋನ್ ನೋಡುವವರು. ಇಬ್ಬರ ಕೆಲಸ ಒಬ್ಬನೇ ಮಾಡಿ, ಆ ಸಿಟ್ಟನ್ನು ಹೋದವನ ಮೇಲೆಯೇ ತಿರುಗಿಸುವವರೂ ಉಂಟು. ಅಂಥವರು 14416ಕ್ಕೆ ಕರೆ ಮಾಡಬಹುದು. ಟೆಲಿ ಮಾನಸ್, 2022ರಿಂದ ಇರುವ ಸರ್ಕಾರಿ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕೊನೆಗೊಂದು ವಿಷಯ, ನಿಜ ಹೇಳಬೇಕೆಂದರೆ ಈ ಅಂಕಣ ಬರೆಯಲು ಕೂತದ್ದೇ ಅದಕ್ಕೆ. ಜಾಮೀನು. ನೌಕರರ ಪತ್ತಿನ ಸಹಕಾರ ಸಂಘಗಳಲ್ಲಿ ಸಾಲ ಬೇಕೆಂದರೆ ಜೊತೆಯ ನೌಕರರೇ ಜಾಮೀನು ನಿಲ್ಲಬೇಕು. ಇವನ ಮನೆಗೆ ಅವನು, ಅವನ ಮಗಳ ಮದುವೆಗೆ ಇವನು. ಮಧ್ಯಾಹ್ನದ ಟೀ ಹೊತ್ತಿಗೆ ಓದದೆ ಹಾಕಿದ ಸಹಿಗಳು. ಸಾಲ ತೆಗೆದವನ ಕೆಲಸ ಹೋಯಿತೆನ್ನಿ, ಒಂದೆರಡು ಕಂತು ತಪ್ಪಿದ ಮೇಲೆ ನೋಟಿಸು ಬರುವುದು ಜಾಮೀನುದಾರನ ಮನೆಗೆ, ಕಡಿತವಾಗುವುದು ಅವನ ಸಂಬಳ. ಅಲ್ಲಿಯವರೆಗೆ "ಪಾಪ" ಅನ್ನುತ್ತಿದ್ದವನು ಅವತ್ತಿನಿಂದ "ಮೋಸ" ಅನ್ನುತ್ತಾನೆ. ಹದಿನೈದು ವರ್ಷ ಒಂದೇ ಬೆಂಚಿನಲ್ಲಿ ಕೂತವರು ಸಂತೆಯಲ್ಲಿ ಕೊರಳಪಟ್ಟಿ ಹಿಡಿದದ್ದನ್ನು ನಾನು ಕಂಡಿದ್ದೇನೆ. ಸಂಘದವರನ್ನು ಕೇಳಿದರೆ "ಬೈಲಾದಲ್ಲಿ ಇರೋದೇ ಹಂಗೆ ಸಾರ್" ಅನ್ನುತ್ತಾರೆ. ಅದೂ ಸರಿಯೇ. ಠೇವಣಿ ಇಟ್ಟವರ ದುಡ್ಡೂ ದುಡ್ಡೇ.

ಆದರೆ ಬೈಲಾವನ್ನು ದೇವರು ಬರೆದಿಲ್ಲ, ಸದಸ್ಯರು ಬರೆದದ್ದು. ಕೆಲಸ ಹೋದ ಸದಸ್ಯನ ಸಾಲಕ್ಕೆ ಆರು ತಿಂಗಳು ಕಂತು ಮುಂದೂಡುವುದು, ಆ ಆರು ತಿಂಗಳು ಜಾಮೀನುದಾರನ ಸಂಬಳ ಮುಟ್ಟದಿರುವುದು, ಲಾಭದಲ್ಲಿ ಒಂದಿಷ್ಟು ತೆಗೆದು ಇಂಥದ್ದಕ್ಕೇ ಒಂದು ನಿಧಿ ಇಡುವುದು, ಇವನ್ನು ಮಹಾಸಭೆಯಲ್ಲಿ ಚರ್ಚೆಗೆ ತರಬಹುದು. ಸಹಕಾರ ಇಲಾಖೆ ಒಪ್ಪುವ ಮಾತು ಆಮೇಲಿನದು, ಮೊದಲು ಸದಸ್ಯರು ಕೇಳಬೇಕಲ್ಲ. ಸಂಘಗಳ ವಾರ್ಷಿಕ ಮಹಾಸಭೆ ಸೆಪ್ಟೆಂಬರ್‌ನೊಳಗೆ ನಡೆಯಲೇಬೇಕು. ಸಾಮಾನ್ಯವಾಗಿ ಅಲ್ಲಿ ನಡೆಯುವುದು ಡಿವಿಡೆಂಡಿನ ಜಗಳ, ಮತ್ತು ಊಟಕ್ಕೆ ಹೋಳಿಗೆಯೋ ಜಾಮೂನೋ ಎಂಬ ಗಂಭೀರ ಚರ್ಚೆ. ಈ ಸಲ ನಮ್ಮ ಸಂಘದ ಕಾರ್ಯದರ್ಶಿಗೆ ವಿಷಯ ಸೂಚಿಯಲ್ಲಿ ಸೇರಿಸಿ ಎಂದು ಅರ್ಜಿ ಬರೆದಿಟ್ಟಿದ್ದೇನೆ. ಅನುಮೋದಕರ ಸಹಿಗೆ ಜಾಗ ಖಾಲಿ ಬಿಟ್ಟಿದ್ದೇನೆ. ಕಡೂರು, ತರೀಕೆರೆ, ಅಜ್ಜಂಪುರದ ಬೇರೆ ಸಂಘಗಳ ಸದಸ್ಯರು ಯಾರಾದರೂ ಇದೇ ಅರ್ಜಿ ಬಳಸಿಕೊಳ್ಳುವುದಾದರೆ ಪ್ರತಿ ಕೊಡುತ್ತೇನೆ, ಹೆಸರು ಬದಲಿಸಿಕೊಂಡರಾಯಿತು.